ಕಲ್ಕತ್ತಾ ಟ್ರಾಮು: ಮೂವತ್ತಮೂರು ವರ್ಷ ಹತ್ತಿ ಇಳಿದ ಬಳ್ಳಾರಿಯವನ ವಿಮರ್ಶೆ

ಸೇವೆ: ಕಲ್ಕತ್ತಾ ನಗರದ ಟ್ರಾಮು, ಅಂದರೆ ರಸ್ತೆಯಲ್ಲಿ ಹಾಸಿದ ಹಳಿಯ ಮೇಲೆ ವಿದ್ಯುತ್ತಿನಿಂದ ಓಡುವ ಗಾಡಿ. ಬಳಸಿದ ಅವಧಿ: 1991ರ ಜೂನ್‌ನಿಂದ 1998ರವರೆಗೆ ಹೆಚ್ಚುಕಡಿಮೆ ದಿನಾಲೂ, 2007ರಿಂದ 2010ರವರೆಗೆ ವಾರಕ್ಕೆ ಮೂರು ನಾಲ್ಕು ಸಲ, ಆಮೇಲೆ ಮಗಳ ಮನೆಗೆ ಹೋದಾಗಲೆಲ್ಲ, ಕಡೆಯದಾಗಿ 2024ರ ನವೆಂಬರ್‌ನಲ್ಲಿ. ಅಂಕ: ಐದಕ್ಕೆ ನಾಲ್ಕು. ಒಂದು ಅಂಕವನ್ನು ಏಕೆ ಕಳೆದೆನೆಂಬುದೇ ಈ ವಿಮರ್ಶೆಯ ಮುಖ್ಯ ವಿಷಯ, ಮತ್ತು ಅದು ಟ್ರಾಮು ನಿಧಾನ ಎಂಬ ಕಾರಣಕ್ಕಂತೂ ಅಲ್ಲ.

ನಾನು ಬಳ್ಳಾರಿಯ ಬ್ರೂಸ್‌ಪೇಟೆಯವನು. ಬ್ಯಾಂಕಿನ ನೌಕರಿಯಲ್ಲಿ ಕಲ್ಕತ್ತಾಕ್ಕೆ ವರ್ಗವಾದಾಗ ನಮ್ಮೂರಿನ ರೈಲು ಇನ್ನೂ ಮೀಟರ್ ಗೇಜಿನದು. ಗುಂತಕಲ್ಲಿನಲ್ಲಿ ಇಳಿದು, ಅಗಲ ಹಳಿಯ ಗಾಡಿ ಹಿಡಿದು ಮದ್ರಾಸಿಗೆ ಹೋಗಿ, ಅಲ್ಲಿಂದ ಕೋರಮಂಡಲ್ ಎಕ್ಸ್‌ಪ್ರೆಸ್ಸಿನಲ್ಲಿ ಹೌರಾ ಸೇರಬೇಕಿತ್ತು. ಹೆಗಲಿಗೆ ಹೋಲ್ಡಾಲ್ ಏರಿಸಿಕೊಂಡು ನಿಲ್ದಾಣದ ಹೊರಗೆ ಬಂದವನಿಗೆ ಕಂಡದ್ದು ರಸ್ತೆಯ ನಡುವೆ ಬಸ್ಸು, ಕೈಗಾಡಿ, ಮೂಟೆ ಹೊತ್ತ ಕೂಲಿಗಳ ಸಂದಿಯಲ್ಲಿ ಗಂಟೆ ಬಾರಿಸುತ್ತ ಬರುತ್ತಿದ್ದ ಎರಡು ಬೋಗಿಗಳ ಟ್ರಾಮು. ಅದರಲ್ಲಿಯೇ ಕುಳಿತು ಹೌರಾ ಸೇತುವೆಯನ್ನು ದಾಟಿದೆ. 1943ರಲ್ಲಿ ಆ ಸೇತುವೆ ತೆರೆದಾಗ ಮೊದಲು ದಾಟಿದ ವಾಹನವೂ ಒಂದು ಟ್ರಾಮೇ ಎಂಬುದು ನನಗೆ ಆಮೇಲೆ ತಿಳಿಯಿತು. ನಾನು ಹೋದ ಎರಡು ವರ್ಷಕ್ಕೆ, 1993ರಲ್ಲಿ, ಸೇತುವೆಯ ಮೇಲೆ ಟ್ರಾಮು ಓಡುವುದು ನಿಂತಿತು. ಹಾಗಾಗಿ ಆ ಮೊದಲ ದಿನದ ಪ್ರಯಾಣ ನನ್ನ ಪಾಲಿಗೆ ಸಿಕ್ಕ ಭಾಗ್ಯವೆಂದೇ ಈಗಲೂ ಭಾವಿಸುತ್ತೇನೆ.

ಇನ್ನೊಂದು ಸಂಗತಿಯನ್ನು ನಮ್ಮ ಭಾಗದವರಿಗೆ ಹೇಳಲೇಬೇಕು. ಕಲ್ಕತ್ತಾ ಟ್ರಾಮಿನ ಹಳಿಯ ಅಗಲ 1435 ಮಿಲಿಮೀಟರ್. ಆಗಿನ ಬಳ್ಳಾರಿ ರೈಲಿನ ಹಳಿ 1000 ಮಿಲಿಮೀಟರ್. ಅಂದರೆ ಹೊಸಪೇಟೆ, ಕೊಪ್ಪಳ, ಗದಗಗಳನ್ನು ದಾಟಿ ಹುಬ್ಬಳ್ಳಿಯವರೆಗೆ ಓಡುತ್ತಿದ್ದ ನಮ್ಮ ರೈಲಿಗಿಂತ ಕಾಯಿಪಲ್ಲೆ ತರಲು ಹತ್ತುವ ಟ್ರಾಮಿನ ಹಳಿಯೇ ಅಗಲವಾಗಿತ್ತು. ರಜೆಯಲ್ಲಿ ಊರಿಗೆ ಬಂದಾಗ ಇದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ, ಸೋದರಮಾವನವರು ಮಾತ್ರ ನಗುವುದನ್ನು ಬಿಟ್ಟು ಅಳತೆಪಟ್ಟಿ ಕಳಿಸುವುದಾಗಿ ಹೇಳಿದ್ದರು.

ನನ್ನ ಬಾಡಿಗೆ ಮನೆ ಗರಿಯಾಹಾಟಿನ ಹತ್ತಿರ, ರಾಸ್‌ಬಿಹಾರಿ ಅವೆನ್ಯೂದ ಒಂದು ಓಣಿಯಲ್ಲಿತ್ತು. ಬೆಳಿಗ್ಗೆ 25ನೆಯ ನಂಬರಿನ ಟ್ರಾಮು ಹತ್ತಿದರೆ ಪಾರ್ಕ್ ಸರ್ಕಸ್, ಮಲ್ಲಿಕ್‌ಬಜಾರ್, ಟ್ರಾಮುಗಳನ್ನು ದುರಸ್ತಿ ಮಾಡುವ ನೋನಾಪುಕುರ್ ಕಾರ್ಯಾಗಾರ, ಎಲಿಯಟ್ ರೋಡ್, ವೆಲಿಂಗ್ಟನ್ ಇವನ್ನೆಲ್ಲ ಹಾದು ಎಸ್ಪ್ಲನೇಡಿಗೆ ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸುತ್ತಿತ್ತು. ಅಲ್ಲಿಂದ ಡಾಲ್‌ಹೌಸಿಯ ಕಚೇರಿಗೆ ನಡೆದು ಹೋಗುತ್ತಿದ್ದೆ. ಸಂಜೆಗೆ ರಾಸ್‌ಬಿಹಾರಿಯ ಟ್ರಾಮಿನಲ್ಲಿ ಲೇಕ್ ಮಾರ್ಕೆಟ್ಟಿಗೆ ಹೋದರೆ ಕರಿಬೇವು, ಬಾಳೆಎಲೆ, ಕಾಫಿಪುಡಿ ಸಿಗುತ್ತಿದ್ದವು. ದಕ್ಷಿಣದಿಂದ ಬಂದವರ ಸಂಸಾರ ನಡೆಯುತ್ತಿದ್ದುದೇ ಆ ಮಾರುಕಟ್ಟೆಯಿಂದ. ಆಗ ರಾಸ್‌ಬಿಹಾರಿಯಲ್ಲಿ ಟ್ರಾಮಿನ ಹಳಿಗಳು ರಸ್ತೆಯ ಮಧ್ಯದಲ್ಲಿ ಪ್ರತ್ಯೇಕವಾದ ಹುಲ್ಲಿನ ಪಟ್ಟಿಯ ಮೇಲಿದ್ದವು. ಇಕ್ಕೆಲದಲ್ಲಿ ಬಸ್ಸು ಕಾರುಗಳು ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿರುವಾಗ ಟ್ರಾಮು ಹುಲ್ಲಿನ ಮೇಲೆ ಯಾರ ಹಂಗೂ ಇಲ್ಲದೆ ಹೋಗುತ್ತಿತ್ತು. ಈ ಹುಲ್ಲಿನ ಪಟ್ಟಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಇದರ ವಿಷಯ ಬರುತ್ತದೆ.

ಸೇವೆಯ ಗುಣಮಟ್ಟದ ಬಗ್ಗೆ ಹೇಳುವುದಾದರೆ, ಮೊದಲ ಬೋಗಿ ಫಸ್ಟ್ ಕ್ಲಾಸು, ಅದರಲ್ಲಿ ಫ್ಯಾನು ಇತ್ತು. ಹಿಂದಿನದು ಸೆಕೆಂಡ್ ಕ್ಲಾಸು, ಅಲ್ಲಿ ಫ್ಯಾನಿಲ್ಲ, ಟಿಕೆಟ್ ಸ್ವಲ್ಪ ಕಡಿಮೆ. ಕಿಟಕಿಗಳು ಅಗಲವಾಗಿದ್ದುದರಿಂದ ಬಳ್ಳಾರಿಯ ಬಿಸಿಲು ಉಂಡು ಬೆಳೆದವನಿಗೆ ಹಿಂದಿನ ಬೋಗಿಯೂ ಸಾಕಾಗುತ್ತಿತ್ತು. ಚಾಲಕ ನಿಂತುಕೊಂಡೇ ಓಡಿಸುತ್ತಿದ್ದ. ಒಂದು ಕೈ ಕಂಟ್ರೋಲರಿನ ಹಿಡಿಯ ಮೇಲೆ, ಇನ್ನೊಂದು ಬ್ರೇಕಿನ ಮೇಲೆ. ಕಾಲು ಮಾತ್ರ ನೆಲದಲ್ಲಿರುವ ಗುಂಡಿಯನ್ನು ಒತ್ತುತ್ತ ಗಂಟೆ ಬಾರಿಸುತ್ತಿರಬೇಕು. ಪ್ರತಿ ಚಾಲಕನ ಗಂಟೆಗೂ ಒಂದು ತಾಳವಿತ್ತು. ನಮ್ಮ ಓಣಿಯ ಮಕ್ಕಳು ಮನೆಯೊಳಗೇ ಕುಳಿತು, ಈ ದಿನ ಟ್ರಾಮು ಬಿಡುತ್ತಿರುವವರು ದಪ್ಪ ಕಾಕಾ, ಇವರು ಸಣ್ಣ ಕಾಕಾ ಎಂದು ಪಂದ್ಯ ಕಟ್ಟುತ್ತಿದ್ದರು.

ತಂತಿಯಿಂದ ವಿದ್ಯುತ್ತನ್ನು ಇಳಿಸಿಕೊಳ್ಳುವ ಉದ್ದನೆಯ ಕಂಬ ಟ್ರಾಮಿನ ನೆತ್ತಿಯ ಮೇಲಿರುತ್ತದೆ. ಕೂಡುರಸ್ತೆಯ ತಿರುವಿನಲ್ಲಿ ಅದು ಒಮ್ಮೊಮ್ಮೆ ತಂತಿಯಿಂದ ಜಾರಿ ಬಿಡುತ್ತಿತ್ತು. ಒಮ್ಮೆ ರಾತ್ರಿ ವೆಲಿಂಗ್ಟನ್ ಹತ್ತಿರ ಹೀಗಾಯಿತು. ನೀಲಿ ಕಿಡಿಯೊಂದು ಚಟ್ಟೆಂದು ಹಾರಿ, ದೀಪ ಫ್ಯಾನುಗಳೆಲ್ಲ ಒಟ್ಟಿಗೆ ನಿಂತು, ಬೋಗಿ ಕತ್ತಲಾಯಿತು. ಕಂಡಕ್ಟರ್ ಚರ್ಮದ ಚೀಲವನ್ನು ಎದುರಿಗೆ ಕುಳಿತ ಹೆಂಗಸಿನ ಮಡಿಲಲ್ಲಿ ಇಟ್ಟು ಕೆಳಗಿಳಿದ, ಹಿಂಬದಿಗೆ ಕಟ್ಟಿದ್ದ ಹಗ್ಗವನ್ನು ಹಿಡಿದು, ಕತ್ತೆತ್ತಿ ತಂತಿಗೆ ಗುರಿಯಿಟ್ಟು ಕಂಬವನ್ನು ಎಳೆಯತೊಡಗಿದ. ಒಳಗಿನಿಂದ ಸಲಹೆಗಳ ಸುರಿಮಳೆಯಾಯಿತು: ಎಡಕ್ಕೆ, ಇನ್ನೂ ಎಡಕ್ಕೆ, ಅಷ್ಟು ಬೇಡ, ಅಯ್ಯೋ ಮೀರಿತು! ನಾಲ್ಕನೆಯ ಸಲಕ್ಕೆ ಕಂಬ ತಂತಿಯನ್ನು ಕಚ್ಚಿಕೊಂಡು ದೀಪ ಹತ್ತಿದಾಗ ಇಡೀ ಬೋಗಿ ಚಪ್ಪಾಳೆ ತಟ್ಟಿತು. ಆ ಹೆಂಗಸು ಚೀಲವನ್ನು ಹಿಂದಿರುಗಿಸುತ್ತ, ಎಣಿಸಿ ನೋಡಿಕೋ ಎಂದಳು. ಅವನು ಎಣಿಸದೆಯೇ ಹೆಗಲಿಗೆ ಹಾಕಿಕೊಂಡ. ದುಡ್ಡಿನ ಚೀಲವನ್ನು ಹೀಗೆ ಅಪರಿಚಿತರ ಕೈಗೆ ಕೊಟ್ಟು ಹೋಗುವ ಕ್ಯಾಷಿಯರನ್ನು ನನ್ನ ನೌಕರಿಯ ಅವಧಿಯಲ್ಲಿ ನಾನು ಕಂಡಿಲ್ಲ.

ಟ್ರಾಮಿನೊಳಗಿನ ಹಾಸ್ಯಕ್ಕೇ ಬೇರೆ ಅಂಕ ಕೊಡಬೇಕು. ಹೆಂಗಸರು ಮಗುವನ್ನೆತ್ತಿಕೊಂಡು ಇಳಿಯುವಾಗ ಕಲ್ಕತ್ತಾದ ಬಸ್ ಕಂಡಕ್ಟರರು 'ಆಸ್ತೇ ಲೇಡೀಸ್, ಕೋಲೇ ಬಾಚ್ಚಾ' ಎಂದು ಕೂಗುವುದು ರೂಢಿ. ನಿಧಾನ, ಹೆಂಗಸರಿದ್ದಾರೆ, ಕಂಕುಳಲ್ಲಿ ಕೂಸಿದೆ ಎಂದು ಅರ್ಥ. ಟ್ರಾಮಿನಲ್ಲಿಯೂ ಒಬ್ಬ ಕಂಡಕ್ಟರ್ ಅದನ್ನೇ ಕೂಗಿದಾಗ ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ವೃದ್ಧರು ಕನ್ನಡಕವನ್ನು ಮೇಲೆತ್ತಿ, ಇದಕ್ಕಿಂತ ನಿಧಾನವಾದರೆ ಇದು ಹಿಂದಕ್ಕೆ ಹೋದೀತಪ್ಪ ಎಂದರು. ಇನ್ನೊಂದು ಸಂಜೆ ಕಿಟಕಿಯಲ್ಲಿ ಕುಳಿತಿದ್ದವರೊಬ್ಬರು ಫುಟ್‌ಪಾತಿನಲ್ಲಿ ನಡೆಯುತ್ತಿದ್ದ ಗೆಳೆಯರೊಂದಿಗೆ ಫುಟ್‌ಬಾಲ್ ಪಂದ್ಯದ ವಿಷಯವಾಗಿ ವಾದಕ್ಕಿಳಿದರು. ಲೆನಿನ್ ಸರಣಿ ಎಂಬ ರಸ್ತೆಯ ಉದ್ದಕ್ಕೂ ವಾದ ಒಂದು ಮಾತೂ ತಪ್ಪದೆ ನಡೆದು, ಇಬ್ಬರೂ ಒಟ್ಟಿಗೆ ಎಸ್ಪ್ಲನೇಡ್ ಮುಟ್ಟಿದರು. ಟಿಕೆಟ್ ಪಡೆದವರು ಇಳಿದು, ಪಡೆಯದವರ ಹೆಗಲ ಮೇಲೆ ಕೈ ಹಾಕಿಕೊಂಡು ಚಹಾದಂಗಡಿಗೆ ಹೋದರು.

ನಮ್ಮ ಶಾಖೆಯ ಹಿರಿಯ ಹೆಡ್ ಕ್ಯಾಷಿಯರ್ ಟ್ರಾಮಿನ ವಿಷಯದಲ್ಲಿ ನನ್ನ ಗುರುಗಳು. ನಾವೆಲ್ಲ ಅವರನ್ನು ದಾದಾ ಎನ್ನುತ್ತಿದ್ದೆವು, ಅವರು ನನ್ನನ್ನು ಬಳ್ಳಾರಿ ಬಾಬು ಎನ್ನುತ್ತಿದ್ದರು. 1953ರ ಜುಲೈಯಲ್ಲಿ ಸೆಕೆಂಡ್ ಕ್ಲಾಸಿನ ದರವನ್ನು ಒಂದು ಪೈಸೆ ಏರಿಸಿದ್ದಕ್ಕೆ ಇಡೀ ನಗರ ಬೀದಿಗಿಳಿದು, ಟ್ರಾಮುಗಳಿಗೆ ಬೆಂಕಿ ಬಿದ್ದು, ಕಡೆಗೆ ಏರಿಕೆಯನ್ನು ಹಿಂತೆಗೆದುಕೊಳ್ಳಬೇಕಾದ ಚಳವಳಿಯಲ್ಲಿ ಅವರು ಕಾಲೇಜು ಹುಡುಗರಾಗಿ ಭಾಗವಹಿಸಿದವರು. ಆಗ ಟ್ರಾಮು ಲಂಡನ್ನಿನಲ್ಲಿ ನೋಂದಣಿಯಾದ ಕಂಪನಿಯ ಕೈಯಲ್ಲಿತ್ತು. 1967ರಲ್ಲಿ ಅದರ ಆಡಳಿತ ಸರ್ಕಾರಕ್ಕೆ ಬಂತು, 1976ರಲ್ಲಿ ರಾಷ್ಟ್ರೀಕರಣವಾಯಿತು. ನಾನಿದ್ದಾಗ ದರ ಏರಿದಾಗಲೆಲ್ಲ ದಾದಾ ಹೊಸ ಟಿಕೆಟ್ಟನ್ನು ಕೌಂಟರಿನ ಮೇಲೆ ಇಟ್ಟು, ಅದನ್ನು ಖೋಟಾ ನೋಟು ಪರೀಕ್ಷಿಸುವ ಹಾಗೆ ಬೆಳಕಿಗೆ ಹಿಡಿದು ನೋಡಿ, ಈ ಕಾಲದ ಹುಡುಗರಿಗೆ ರಕ್ತವೇ ಇಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು. ಟ್ರಾಮು ನಿಲ್ಲಿಸುತ್ತಾರಂತೆ ಎಂಬ ಮಾತು ಆಗಲೇ ಎದ್ದಿತ್ತು. ಅದಕ್ಕೆ ಅವರ ಉತ್ತರ ಸಿದ್ಧವಾಗಿತ್ತು. ಕುದುರೆ ಎಳೆಯುತ್ತಿದ್ದ ಮೊದಲ ಟ್ರಾಮು 1873ರ ಫೆಬ್ರವರಿ 24ರಂದು ಸಿಯಾಲದಾದಿಂದ ಅರ್ಮೇನಿಯನ್ ಘಾಟಿಗೆ ಓಡಿ, ಜನ ಸಾಲದೆ ಅದೇ ನವೆಂಬರ್‌ನಲ್ಲಿ ನಿಂತುಹೋಗಿತ್ತು. 1880ರಲ್ಲಿ ಕಂಪನಿ ಕಟ್ಟಿ ಮತ್ತೆ ಓಡಿಸಿದರು, 1902ರಲ್ಲಿ ವಿದ್ಯುತ್ತು ಬಂತು. 'ಹುಟ್ಟಿದ ವರ್ಷವೇ ಸತ್ತು ಬದುಕಿದ ಕೂಸು ಇದು, ಬಳ್ಳಾರಿ ಬಾಬು, ಇದರ ಸಾವಿನ ಸುದ್ದಿಗೆ ರಜೆ ಹಾಕಬೇಡಿ' ಎನ್ನುತ್ತಿದ್ದರು.

1953ನೆಯ ಇಸವಿ ನಮ್ಮ ಮನೆಗೂ ಸಂಬಂಧಪಟ್ಟದ್ದು. ನನ್ನ ತಂದೆಯವರು ಮದ್ರಾಸಿನಲ್ಲಿ ಓದಿದವರು. ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲ, ಓದಿಗೂ ಕೋರ್ಟಿಗೂ ಅಲ್ಲಿಗೇ ಹೋಗಬೇಕಿತ್ತು. ಮದ್ರಾಸಿನ ವಿದ್ಯುತ್ ಟ್ರಾಮು 1895ರ ಮೇ 7ರಂದು ಆರಂಭವಾದದ್ದು, ಕಲ್ಕತ್ತಾಕ್ಕೆ ವಿದ್ಯುತ್ ಟ್ರಾಮು ಬರುವುದಕ್ಕೂ ಏಳು ವರ್ಷ ಮೊದಲು. ಆರಂಭದಲ್ಲಿ ಅದಕ್ಕೆ ವಿದ್ಯುತ್ತು ನೆಲದೊಳಗಿನ ಕಾಲುವೆಯಿಂದ ಬರುತ್ತಿತ್ತಂತೆ. ಮಳೆಗಾಲದ ನೀರು ಅದನ್ನು ಕೆಡಿಸಿದ ಮೇಲೆ ತಲೆಯ ಮೇಲೆ ತಂತಿ ಎಳೆದರು. 1953ರ ಏಪ್ರಿಲ್ 12ರಂದು ಮದ್ರಾಸು ತನ್ನ ಟ್ರಾಮನ್ನು ನಿಲ್ಲಿಸಿತು. ಅದೇ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಮದ್ರಾಸನ್ನು ಬಿಡುವ ಮೊದಲೇ ಟ್ರಾಮು ಹೋಗಿತ್ತು ಎಂದು ಅಪ್ಪ ನೆನೆಸಿಕೊಳ್ಳುತ್ತಿದ್ದರು. ಮದ್ರಾಸನ್ನು ಬಿಟ್ಟದ್ದಕ್ಕೆ ಅವರಿಗೆ ಇದ್ದ ಒಂದೇ ಸಂಕಟ ಟ್ರಾಮಿನದಾಗಿತ್ತು, ಉಳಿದಂತೆ ಕನ್ನಡ ನಾಡಿಗೆ ಸೇರಿದ ಸಂತೋಷಕ್ಕೆ ಅವರು ಊರಿಗೆಲ್ಲ ಸಕ್ಕರೆ ಹಂಚಿದವರು.

1992ರ ಜನವರಿಯಲ್ಲಿ ಅಪ್ಪ ಕಲ್ಕತ್ತಾಕ್ಕೆ ಬಂದರು. ಕಾಳಿಘಾಟ್, ದಕ್ಷಿಣೇಶ್ವರ ಎಂದು ನಾನು ಪಟ್ಟಿ ಮಾಡಿದ್ದೆ. ಅವರು ಮೊದಲು ಟ್ರಾಮು ಎಂದರು. ಗರಿಯಾಹಾಟಿನಲ್ಲಿ ಹತ್ತಿದೆವು. ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತು, ಊರುಗೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿ, ಅದರ ಹಿಡಿಯ ಮೇಲೆ ಗದ್ದ ಊರಿಕೊಂಡು ಅಪ್ಪ ಕಣ್ಣು ಮುಚ್ಚಿದರು. ದಾರಿಯಲ್ಲಿ ತೋರಿಸಬೇಕೆಂದಿದ್ದ ಯಾವುದನ್ನೂ ನೋಡಲಿಲ್ಲ. ಗಂಟೆ ಬಾರಿಸಿದಾಗಲೆಲ್ಲ ಅವರ ಬಲಗಾಲಿನ ಹೆಬ್ಬೆರಳು ಚಪ್ಪಲಿಯಲ್ಲಿ ಅದೇ ತಾಳಕ್ಕೆ ಅಲುಗುತ್ತಿತ್ತು. ಪಾರ್ಕ್ ಸರ್ಕಸ್ ದಾಟಿದ ಮೇಲೆ ಕಣ್ಣು ಬಿಡದೆಯೇ, 'ಗಂಟಿ ಸಪ್ಪಳ ಅದೇ ಐತಲ್ಲೋ' ಎಂದರು. ಕಡೆಯ ನಿಲ್ದಾಣ ಬಂತು, ಇಳಿಯೋಣ ಅಪ್ಪ ಎಂದಾಗ, 'ಇದು ತಿರುಗಿ ಹೋಗ್ತೈತಲ್ಲ, ಕುಂದ್ರು' ಎಂದು ಇನ್ನೆರಡು ಟಿಕೆಟ್ಟಿಗೆ ಚಿಲ್ಲರೆ ತೆಗೆದುಕೊಟ್ಟರು. ಆ ದಿನ ನಾವು ನಾಲ್ಕು ಸಲ ಹೋಗಿ ಬಂದೆವು, ಕಾಳಿಘಾಟಿಗೆ ಹೋದದ್ದು ಮರುದಿನ.

ಇನ್ನು ಕುಂದುಗಳ ವಿಷಯ. ಮಳೆಗಾಲದಲ್ಲಿ ಈ ಸೇವೆಯನ್ನು ನಂಬುವಂತಿರಲಿಲ್ಲ. ಕಾಲೇಜ್ ಸ್ಟ್ರೀಟಿನ ಕಡೆಗೆ, ಠನ್‌ಠನಿಯಾದಲ್ಲಿ ಮೊಣಕಾಲುಮಟ್ಟ ನೀರು ನಿಂತರೆ ಟ್ರಾಮು ನಿಂತಲ್ಲೇ ನಿಲ್ಲುತ್ತಿತ್ತು. ಇಳಿಯುವುದು ನಡುರಸ್ತೆಯಲ್ಲಾದ್ದರಿಂದ ಮಕ್ಕಳೂ ಮುದುಕರೂ ಓಡುವ ಬಸ್ಸುಗಳ ನಡುವೆ ಇಳಿಯಬೇಕಿತ್ತು. ಟ್ರಾಮು ನಿಧಾನವಾದ್ದರಿಂದ ಅಪಾಯವಿಲ್ಲ ಎಂದೂ ತಿಳಿಯಬಾರದು; ಬಂಗಾಳದ ದೊಡ್ಡ ಕವಿ ಜೀವನಾನಂದ ದಾಸರು 1954ರ ಅಕ್ಟೋಬರ್ 14ರಂದು ಇದೇ ರಾಸ್‌ಬಿಹಾರಿ ಅವೆನ್ಯೂದಲ್ಲಿ ಟ್ರಾಮಿಗೆ ಸಿಕ್ಕಿ, ಎಂಟು ದಿನಗಳ ನಂತರ ತೀರಿಕೊಂಡರು. ನಮ್ಮ ಓಣಿಯ ಹಿರಿಯರು ಆ ಜಾಗದಲ್ಲಿ ಹಳಿ ದಾಟುವಾಗ ಮಕ್ಕಳ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು.

ಆದರೂ ಇವಾವುವೂ ನಾನು ಅಂಕ ಕಳೆದದ್ದಕ್ಕೆ ಕಾರಣವಲ್ಲ. 2007ರಲ್ಲಿ ಎರಡನೆಯ ಸಲ ವರ್ಗವಾಗಿ ಹೋದಾಗ ರಾಸ್‌ಬಿಹಾರಿಯ ಹುಲ್ಲು ಮಾಯವಾಗಿತ್ತು. ಹಳಿಗಳನ್ನು ಕಾಂಕ್ರೀಟಿನಲ್ಲಿ ಹೂತು ರಸ್ತೆಯ ಮಟ್ಟಕ್ಕೆ ತಂದಿದ್ದರು, ಅದರ ಮೇಲೆ ಕಾರು, ಆಟೋ, ಲಾರಿ ಎಲ್ಲವೂ ಓಡುತ್ತಿದ್ದವು. ಬಸ್ಸು ಅಡ್ಡಿಯನ್ನು ಬಳಸಿ ಹೋಗಬಲ್ಲದು, ಟ್ರಾಮು ಹಳಿ ಬಿಟ್ಟು ಅತ್ತಿತ್ತ ಹೊರಳಲಾರದು; ಮುಂದೆ ಒಂದು ಆಟೋ ನಿಂತರೆ ಅದರ ಹಿಂದೆ ಎರಡು ಬೋಗಿಯೂ ನಿಲ್ಲಬೇಕು. ಟ್ರಾಮಿನಿಂದ ವಾಹನ ದಟ್ಟಣೆ ಹೆಚ್ಚಾಗಿದೆ ಎಂಬ ದೂರು ಆಮೇಲೆ ಜೋರಾಯಿತು. ಟ್ರಾಮಿನ ದಾರಿಗೆ ಉಳಿದ ವಾಹನಗಳನ್ನು ಬಿಟ್ಟ ಮೇಲೆ ಉಳಿದ ವಾಹನಗಳ ದಾರಿಗೆ ಟ್ರಾಮು ಅಡ್ಡ ಎನ್ನುವುದು ಯಾವ ನ್ಯಾಯ ಎಂದು ಆಗಲೂ ಕೇಳಿದ್ದೇನೆ, ಈಗಲೂ ಕೇಳುತ್ತೇನೆ.

ಹೀಗೆ ಸಿಕ್ಕಿಕೊಂಡ ಟ್ರಾಮು ಹೊತ್ತಿಗೆ ಸರಿಯಾಗಿ ಬರುವುದನ್ನು ಬಿಟ್ಟಿತು. ಮೊದಲು ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಕಾಣುತ್ತಿತ್ತು. ಈಗ ಕಾಲು ಗಂಟೆ, ಅರ್ಧ ಗಂಟೆ ಕಾಯಬೇಕಾಯಿತು. ಪ್ರಯಾಣ ಮುಕ್ಕಾಲು ಗಂಟೆಯಾದರೂ ಜನ ಸಹಿಸುತ್ತಾರೆ, ಕುಳಿತಿರುತ್ತಾರಲ್ಲ. ಬಿಸಿಲಿನಲ್ಲಿ ನಿಂತು ಕಾಯುವ ಅರ್ಧ ಗಂಟೆಯನ್ನು ಸಹಿಸುವುದಿಲ್ಲ. ಕಾಯಲಾರದವರು ಆಟೋ ಹತ್ತಿದರು, ಜನ ಕಡಿಮೆ ಎಂದು ಟ್ರಾಮು ಇನ್ನೂ ಕಡಿಮೆಯಾಯಿತು. ಇದೇ ಆಟವನ್ನು ನಾನು ಬಳ್ಳಾರಿ ಸ್ಟೇಷನ್ನಿನ ಮುಂದೆಯೂ ನೋಡಿದ್ದೇನೆ. ಟಾಂಗಾಗಳು ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ ನಮ್ಮ ತಾಯಿಯವರು ಬೇರೆ ಗಾಡಿಯ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಸಾಲು ಕರಗಿ ಎರಡೋ ಮೂರೋ ಉಳಿದಾಗ, ಸಾಮಾನು ಇಳಿಸಿಕೊಂಡು ಟಾಂಗಾ ಬರುವವರೆಗೆ ನಿಲ್ಲುವವರು ಯಾರು? ಕುದುರೆ ನಿಧಾನವೆಂದು ಅವರು ಟಾಂಗಾ ಬಿಟ್ಟಿರಲಿಲ್ಲ, ಅದು ಸಿಗುತ್ತದೆಂಬ ಭರವಸೆ ಹೋದ ಮೇಲೆ ಬಿಟ್ಟರು. ಕಳೆದ ಆ ಒಂದು ಅಂಕ ಈ ಭರವಸೆಯದು.

2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಮರಗಳನ್ನೂ ತಂತಿಗಳನ್ನೂ ಕೆಡವಿತು. ಮೈದಾನ ಎಂದೇ ಹೆಸರಾದ ನಗರದ ದೊಡ್ಡ ಬಯಲಿನ ಹಸುರಿನ ನಡುವೆ, ಮೇಯುವ ಕುರಿಗಳ ಪಕ್ಕದಲ್ಲಿ ಖಿದಿರಪುರಕ್ಕೆ ಹೋಗುತ್ತಿದ್ದ 36ನೆಯ ನಂಬರಿನ ದಾರಿ ಅಂದಿನಿಂದ ಮುಚ್ಚಿತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆಂದದ ದಾರಿ ಅದು. 2024ರ ಸೆಪ್ಟೆಂಬರ್ ಹೊತ್ತಿಗೆ ಓಡುತ್ತಿದ್ದವು ಎರಡೇ ಮಾರ್ಗ, ಶ್ಯಾಮ್‌ಬಜಾರ್ ಕಡೆಯದೊಂದು, ಗರಿಯಾಹಾಟಿನದೊಂದು. ಆ ತಿಂಗಳಲ್ಲಿ ರಾಜ್ಯದ ಸಾರಿಗೆ ಸಚಿವರು, ಮೈದಾನದಿಂದ ಎಸ್ಪ್ಲನೇಡಿನವರೆಗೆ ಪಾರಂಪರಿಕ ಸವಾರಿಯಾಗಿ ಒಂದು ತುಂಡನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ನಿಲ್ಲಿಸುವುದಾಗಿ ಹೇಳಿದರು. ವಿಷಯ ಆಗಲೇ ಹೈಕೋರ್ಟಿನ ಮುಂದಿತ್ತು. ಪಾರಂಪರಿಕ ಸವಾರಿಯ ಬಗ್ಗೆ ನನಗೆ ಸಮಾಧಾನವಿಲ್ಲ. ಹಂಪಿಯ ಕಲ್ಲಿನ ರಥವನ್ನು ದೇಶವಿದೇಶದವರು ಬಂದು ನೋಡುತ್ತಾರೆ, ನಾನೂ ನೂರು ಸಲ ನೋಡಿ ಕೈಮುಗಿದಿದ್ದೇನೆ. ಆದರೆ ವಿರೂಪಾಕ್ಷನ ಉತ್ಸವದ ದಿನ ಜನ ಹಗ್ಗ ಹಿಡಿದು ಎಳೆಯುವುದು ಮರದ ತೇರನ್ನೇ.

ಆ ಸುದ್ದಿ ಓದಿ ಮಗಳ ಮನೆಗೆ ಹೊರಟೆ. ಗರಿಯಾಹಾಟಿನಲ್ಲಿ ನಲವತ್ತು ನಿಮಿಷ ಕಾದ ಮೇಲೆ ಟ್ರಾಮು ಬಂತು. ಒಂದೇ ಬೋಗಿ. ಒಳಗೆ ನಿಲ್ಲಲೂ ಜಾಗವಿಲ್ಲ. ಮೊಬೈಲ್ ಹಿಡಿದ ಕಾಲೇಜು ಹುಡುಗಿಯರು, ಮೊಮ್ಮಗನಿಗೆ ಟ್ರಾಮು ತೋರಿಸಲು ಬಂದ ಅಜ್ಜಿ, ದಿನಾ ಅದರಲ್ಲೇ ಅಂಗಡಿಗೆ ಹೋಗುವ ದರ್ಜಿ. ಪ್ರತಿಯೊಬ್ಬರೂ ಕಂಡಕ್ಟರನನ್ನು ಇದೇ ಕೊನೆಯದೇ ಎಂದು ಕೇಳುತ್ತಿದ್ದರು. ಅವನು ಟಿಕೆಟ್ ಹರಿಯುತ್ತ, ಕೊನೆಯ ಟ್ರಾಮಿಗೆ ಎರಡು ತಿಂಗಳಿಂದ ಹೀಗೇ ಜನ ಹತ್ತುತ್ತಿದ್ದಾರೆ, ಇಷ್ಟು ಜನ ಮೊದಲೇ ಬಂದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ ಎಂದ. ಬೋಗಿಯಲ್ಲಿ ನಗು ಎದ್ದು, ಬೇಗ ತಣ್ಣಗಾಯಿತು. ಮಲ್ಲಿಕ್‌ಬಜಾರಿನಲ್ಲಿ ಬಿಡಿಭಾಗಗಳ ಅಂಗಡಿಯ ಮುಂದೆ ಯಾರೋ ಹಳಿಯ ಮೇಲೆಯೇ ಸ್ಕೂಟರ್ ನಿಲ್ಲಿಸಿ ಹೋಗಿದ್ದರು. ಚಾಲಕ ಗಂಟೆ ಬಾರಿಸಿದ, ಮತ್ತೆ ಬಾರಿಸಿದ. ದರ್ಜಿಯೂ ಇಬ್ಬರು ಹುಡುಗಿಯರೂ ಇಳಿದು ಸ್ಕೂಟರನ್ನು ಎತ್ತಿ ಬದಿಗಿಡುವಷ್ಟರಲ್ಲಿ ಅದರ ಒಡೆಯ ಒಂದು ಕೈಯಲ್ಲಿ ಸೈಲೆನ್ಸರ್ ಹಿಡಿದು ಓಡಿ ಬಂದು, ಟ್ರಾಮು ಇನ್ನೂ ಇದೆಯೇ, ನಿಂತಿತೆಂದು ಪತ್ರಿಕೆಯಲ್ಲಿತ್ತಲ್ಲ ಎಂದ. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ನಾಳೆಯ ಪತ್ರಿಕೆಯಲ್ಲಿ ನಿನ್ನ ಸ್ಕೂಟರಿನ ಸುದ್ದಿಯೂ ಬರುತ್ತಿತ್ತು, ಪುಣ್ಯವಂತ ಎಂದಳು.

ಬಳ್ಳಾರಿ, ಕೊಪ್ಪಳದಿಂದ ಹೋಗುವವರಿಗೆ ಈಗ ಗುಂತಕಲ್ಲಿನಲ್ಲಿ ಗಾಡಿ ಬದಲಿಸುವ ಕಷ್ಟವಿಲ್ಲ. ವಾಸ್ಕೋದಿಂದ ಬಂಗಾಳಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಊರುಗಳ ಮೇಲೆಯೇ ಹಾದು ಹೋಗುತ್ತದೆ. ಟ್ರಾಮು ಓಡುತ್ತಿದ್ದರೆ ಬೆಳಿಗ್ಗೆ ಬೇಗನೆ ಗರಿಯಾಹಾಟ್ ಡಿಪೋದಲ್ಲಿಯೇ ಹತ್ತಿರಿ, ದಾರಿಯಲ್ಲಿ ಕಾಯಬೇಡಿ. ಚಿಲ್ಲರೆ ಇಟ್ಟುಕೊಂಡಿರಿ. ಎಸ್ಪ್ಲನೇಡಿನಲ್ಲಿ 1938ರ ಬೋಗಿಯೊಂದನ್ನು ಪುಟ್ಟ ವಸ್ತುಸಂಗ್ರಹಾಲಯ ಮಾಡಿದ್ದಾರೆ, ಹಳೆಯ ಟಿಕೆಟ್ಟುಗಳು ಅಲ್ಲಿವೆ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಚಾಲಕನ ಹಿಂದಿನ ಸೀಟನ್ನೇ ಹಿಡಿಯಿರಿ, ಗಂಟೆ ಅಲ್ಲಿಗೆ ಚೆನ್ನಾಗಿ ಕೇಳುತ್ತದೆ. ತಿರುಗಿ ಬರುವ ಟಿಕೆಟ್ಟಿಗೂ ದುಡ್ಡು ಕೈಯಲ್ಲಿರಲಿ.